ಹಿಂದಿನ ಸೀಟಿನ ಹೌದು

ನನ್ನ ವಿಮಾನಕ್ಕೆ ಎರಡೇ ಸೀಟು, ಒಂದರ ಹಿಂದೆ ಒಂದು. ಮುಂದಿನದರಲ್ಲಿ ನಾನು ಕೂರುತ್ತೇನೆ. ಹಿಂದಿನದರಲ್ಲಿ ಯಾರು ಕೂರಬೇಕು, ಏನು ಕೂರಬೇಕು ಎಂಬುದನ್ನು ಊರು ತೀರ್ಮಾನಿಸುತ್ತದೆ. ಈ ಬೇಸಿಗೆಯಿಂದ ಈಚೆಗೆ ಅಲ್ಲಿ ಕೂತವರ ಪೈಕಿ ಹೆರಿಗೆಗೆಂದು ಬೆತೆಲ್ ಪಟ್ಟಣದ ಆಸ್ಪತ್ರೆಗೆ ಹೊರಟ ಒಬ್ಬ ಹೆಂಗಸು, ಶಾಲೆಯ ಕಮೋಡು, ಪಾದ್ರಿಗಳು, ಗಾಡಿ ಎಳೆಯುವ ನಾಯಿಗಳು, ಮೂಸ್ ಕಡವೆಯ ತೊಡೆಗಳು ಮತ್ತು ಒಂದು ಮದುವೆಯ ಕೇಕು ಸೇರಿವೆ. ನಾಯಿಗಳು ವಾಂತಿ ಮಾಡಿದವು. ಪಾದ್ರಿಗಳೂ ಮಾಡಿದರು. ಕೇಕಿಗೆ ಬೆಲ್ಟು ಬಿಗಿದಿದ್ದೆ, ಎರಡು ಅಂತಸ್ತಿನದು ಇಳಿಯುವಾಗ ಒಂದೇ ಅಂತಸ್ತಿನದಾಗಿತ್ತು. ಅದಕ್ಕೂ ನಾನೇ ಬೈಸಿಕೊಂಡೆ.

ವಿಮಾನ ಎಂದರೆ ದೊಡ್ಡದೇನಲ್ಲ. ಕಬ್ಬಿಣದ ಕೊಳವೆಗಳ ಹಂದರ, ಅದರ ಮೇಲೆ ಬಿಗಿದು ಬಣ್ಣ ಬಳಿದ ಬಟ್ಟೆ, ಮೂತಿಗೆ ಒಂದು ಇಂಜಿನ್. ಚಕ್ರಗಳು ಮಾತ್ರ ಮೈಗೆ ಹೊಂದದಷ್ಟು ದಪ್ಪ, ಗಾಳಿ ಕಡಿಮೆ ತುಂಬಿಸಿದ ಮೆತ್ತನೆಯವು. ಅವುಗಳಿಂದಾಗಿ ನದಿಯ ಮರಳದಿಬ್ಬ, ಹೆಪ್ಪುಗಟ್ಟಿದ ಹುಲ್ಲುಗಾವಲು, ಎಲ್ಲಿ ಬೇಕೆಂದರೆ ಅಲ್ಲಿ ಇಳಿಯಬಹುದು. ಎಲ್ಲಿ ಬೇಕೆಂದರೆ ಅಲ್ಲಿ ಇಳಿಯುತ್ತದೆ ಎಂದು ಗೊತ್ತಾದ ಮೇಲೆ ಜನಕ್ಕೆ ಎಲ್ಲೆಲ್ಲೂ ಇಳಿಯಬೇಕು ಅನ್ನಿಸುತ್ತದೆ. ಅಪ್ಪ ಇದನ್ನು ನನಗೆ ಬಿಟ್ಟುಹೋದಾಗ ಇಷ್ಟನ್ನು ಹೇಳಿರಲಿಲ್ಲ.

ಇನ್ನೊಂದು ತೊಂದರೆಯನ್ನೂ ಅವನು ಹೇಳಿರಲಿಲ್ಲ. ಈ ಉತ್ತರದ ಹಿಮನಾಡಿನ ನಮ್ಮ ಜನ ಹೌದು ಎನ್ನಲು ಬಾಯಿ ತೆರೆಯುವುದಿಲ್ಲ. ಎರಡೂ ಹುಬ್ಬು ಮೇಲೆತ್ತುತ್ತಾರೆ, ಅಷ್ಟೇ. ಇಲ್ಲ ಎನ್ನಲು ಮೂಗು ಸುಕ್ಕಿಸುತ್ತಾರೆ. ಎದುರುಬದುರು ಕೂತು ಚಹಾ ಕುಡಿಯುವವರಿಗೆ ಇದು ಸಾಕು. ಒಬ್ಬರ ಹಿಂದೆ ಒಬ್ಬರು ಕೂತು ಹಾರುವವರಿಗೆ ಸಾಲದು. ಕಿವಿಗೆ ಹೆಡ್‌ಸೆಟ್ ಹಾಕಿ, ಬಾಯಿಯ ಮುಂದೆ ಮೈಕು ಇಟ್ಟು, "ಚಳಿ ಆಗ್ತಿದ್ಯಾ? ಬಾಗಿಲು ಸರಿಯಾಗಿ ಹಾಕಿದ್ಯಾ?" ಎಂದು ಕೇಳುತ್ತೇನೆ. ಹಿಂದಿನಿಂದ ಬರೀ ಮೌನ. ಹಿಂದೆ ಕೂತವರು ಹುಬ್ಬೆತ್ತಿ ಉತ್ತರ ಕೊಟ್ಟಾಯಿತೆಂದು ನೆಮ್ಮದಿಯಿಂದ ಕಿಟಕಿಯಾಚೆ ನೋಡುತ್ತಿರುತ್ತಾರೆ.

ಅದಕ್ಕೇ ಗಾಜಿನ ಮೇಲ್ತುದಿಗೆ ಹಳೇ ಲಾರಿಯ ದುಂಡು ಕನ್ನಡಿಯೊಂದನ್ನು ಕೂರಿಸಿದ್ದೆ. ಪ್ರಶ್ನೆ ಕೇಳುವುದು, ಕನ್ನಡಿ ನೋಡುವುದು, ಹುಬ್ಬೋ ಮೂಗೋ ತಿಳಿದುಕೊಳ್ಳುವುದು. ಚೆನ್ನಾಗಿ ನಡೆಯುತ್ತಿತ್ತು. ಹೋದ ವಾರ ಈವೊನ್ ತನ್ನ ಉಗಿಸ್ನಾನದ ಗುಡಿಸಲಿಗೆ ಒಲೆಯ ಕೊಳವೆ ಬೇಕೆಂದು ತರಿಸಿದ. ಇಳಿಸುವಾಗ ಕೊಳವೆಯನ್ನು ಹಿಂದಕ್ಕೆ ಎಳೆಯುವ ಬದಲು ಮುಂದಕ್ಕೆ ತಳ್ಳಿದ. ಕನ್ನಡಿ ಚೂರಾಯಿತು.

ಈವೊನ್ ನನ್ನ ಸೋದರಮಾವನ ಮಗ. ನನ್ನನ್ನು ಗೇಲಿ ಮಾಡುವುದು ಅವನ ಹಕ್ಕು, ತಿರುಗಿಸಿ ಕೊಡುವುದು ನನ್ನ ಹಕ್ಕು. ಇದರಲ್ಲಿ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಹೊಸ ಕನ್ನಡಿ ತಂದುಕೊಡುತ್ತೇನೆಂದು ಹೇಳಿ, ಬೆತೆಲ್‌ನಿಂದ ಹೆಂಗಸರು ಚೀಲದಲ್ಲಿ ಇಟ್ಟುಕೊಳ್ಳುವ ಪುಟ್ಟ ಗುಲಾಬಿ ಬಣ್ಣದ ಪೌಡರ್ ಡಬ್ಬಿ ತಂದ. ಮುಚ್ಚಳದ ಒಳಗೆ ನಾಣ್ಯದಗಲದ ಕನ್ನಡಿ.

"ಇದ್ಯಾಕೋ?"

"ಮುಖಕ್ಕೆ ಒಂಚೂರು ಬಳ್ಕೊ, ಥೆಕ್ಲಾ. ಹಿಂದಿನ ಸೀಟು ಖಾಲಿ ಇಟ್ಕೊಂಡೇ ಮುದುಕಿ ಆಗ್ತಿದ್ದೀಯ."

ಡಬ್ಬಿಯನ್ನು ನನ್ನ ದಪ್ಪ ಚಳಿಕೋಟು ಪಾರ್ಕಾದ ಜೇಬಿಗೆ ಹಾಕಿಕೊಂಡು ಮರೆತೆ.

ನದಿ ಹೆಪ್ಪುಗಟ್ಟುವ ದಿನಗಳು. ನನಗೆ ಅತ್ಯಂತ ಬೇಡವಾದ ಕಾಲ. ದೋಣಿ ನಡೆಯುವಷ್ಟು ನೀರಿಲ್ಲ, ಹಿಮದ ಮೇಲೆ ಓಡಿಸುವ ಬೈಕು ಸ್ನೋಗೋ ಓಡುವಷ್ಟು ಗಟ್ಟಿ ಮಂಜುಗಡ್ಡೆಯಿಲ್ಲ. ಆದ್ದರಿಂದ ಎಲ್ಲರಿಗೂ ನನ್ನ ನೆನಪಾಗುತ್ತದೆ. ಇಂಥ ದಿನಗಳಲ್ಲೇ ಈವೊನ್‌ನ ತಾಯಿ, ನನ್ನ ಒಲಿಂಕಾ ಅತ್ತೆ, ಒಂದು ಬೆಳಿಗ್ಗೆ ಗಂಡ ವಾಸಿಲಿ ಮಾವನೊಡನೆ ಜಗಳವಾಡಿ, ಸ್ನೋಗೋಗೆ ಕಿಕ್ ಹೊಡೆದು, ಕಪ್ಪುಮೀನು ಹಿಡಿಯಲು ಇಟ್ಟಿದ್ದ ಕೂಳಿಯನ್ನು ಎತ್ತಿ ತರುತ್ತೇನೆಂದು ಒಬ್ಬಳೇ ಹೊರಟಳು. ಊರ ಹಿಂದಿನ ಕವಲುಹೊಳೆ ಚಿಕ್ಕದು, ಅವಳು ದಾಟುವಾಗ ಅದರ ಮಂಜುಗಡ್ಡೆ ಗಟ್ಟಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದು, ಉಬ್ಬರದ ನೀರು ಕುಸ್ಕೋಕ್ವಿಮ್ ನದಿಗೆ ನುಗ್ಗಿ, ಕವಲಿನ ಮಂಜುಗಡ್ಡೆಯನ್ನೆಲ್ಲ ಎತ್ತಿ ಒಡೆದು ಹಾಕಿತು. ಅತ್ತೆ ಅಂದು ವಾಪಸಾಗಲಿಲ್ಲ. ಈವೊನ್ ಮತ್ತು ಊರ ಗಂಡಸರು ಇತ್ತಲಿನ ದಡದಲ್ಲಿ ನಿಂತು ಕೂಗಿದರು, ಬಂದೂಕು ಹಾರಿಸಿದರು. ಅತ್ತಲಿಂದ ಏನೂ ಕೇಳಲಿಲ್ಲ.

ಮರುದಿನ ಮಂಜು ಕವಿದಿತ್ತು. ಅದು ಸರಿಯುವ ಹೊತ್ತಿಗೆ ಚಿಕ್ಕ ದಿನದ ಅರ್ಧ ಕಳೆದಿತ್ತು. ನಾನು ಪೊರಕೆಯಿಂದ ರೆಕ್ಕೆಯ ಮೇಲಿನ ಹಿಮ ಗುಡಿಸುತ್ತಿದ್ದಾಗ ವಾಸಿಲಿ ಮಾವ ಬಂದ. ಒಂದು ಮಾತಿಲ್ಲದೆ ಬಾಗಿಲು ಎತ್ತಿ ಹಿಂದಿನ ಸೀಟಿನಲ್ಲಿ ಕೂತ. ಅವನ ಹಿಂದೆಯೇ ಓಡಿ ಬಂದ ಈವೊನ್‌ಗೆ ಸೀಟಿಲ್ಲದಂತಾಯಿತು.

"ಅಪ್ಪ, ನಾನು ಹೋಗ್ತೀನಿ. ನನ್ನ ಕಣ್ಣು ಚೆನ್ನಾಗಿದೆ."

ಮಾವ ಮೂಗು ಸುಕ್ಕಿಸಿದ.

"ಕೂಳಿ ಎಲ್ಲಿಟ್ಟಿದ್ದು ಅಂತ ಇವನಿಗೆ ತಾನೆ ಗೊತ್ತಿರೋದು. ಕೂತ್ಕೊಳ್ಳಲಿ ಬಿಡು" ಎಂದೆ.

"ಗೊತ್ತಿದ್ರೆ ಬಾಯಿ ಬಿಟ್ಟು ಹೇಳ್ತಾನಾ? ಹುಟ್ಟಿದಾಗಿಂದ ನೋಡ್ತಿದ್ದೀನಿ." ಈವೊನ್‌ನ ದನಿ ಎಂದಿನಂತಿರಲಿಲ್ಲ. ಆದರೂ ಅಭ್ಯಾಸ ಬಿಡಲಿಲ್ಲ. "ಹುಷಾರು, ನಿನ್ನ ಈ ಹಾರೋ ಡೇರೆ ನಮ್ಮಪ್ಪನ ಭಾರಕ್ಕೆ ಹರಿದುಹೋಗೀತು."

"ನೀನು ಕೂತಾಗಲೇ ಹರೀಲಿಲ್ಲ, ಹೋಗೋ."

ನಾನು ಮಾವನ ಕಡೆ ಬಗ್ಗಿ, ಹೆಡ್‌ಸೆಟ್ ಅವನ ತಲೆಗೆ ಸಿಕ್ಕಿಸಿ, ಮೈಕು ತುಟಿಗೆ ತಾಗುವಂತೆ ತಿರುಗಿಸಿದೆ. "ಮಾವ, ನನ್ನ ಕನ್ನಡಿ ನಿನ್ನ ಮಗ ಒಡೆದಿದ್ದಾನೆ. ನಿನ್ನ ಮುಖ ನಂಗೆ ಕಾಣಲ್ಲ. ಏನಿದ್ರೂ ಬಾಯಲ್ಲಿ ಹೇಳ್ಬೇಕು. ಗೊತ್ತಾಯ್ತಾ?"

ಮಾವ ಹುಬ್ಬೆತ್ತಿದ.

ಗೊತ್ತಾಯಿತಂತೆ.

ಹೊಳೆಯಾಚೆಯ ನೆಲ ಮೇಲಿನಿಂದ ನೋಡಿದರೆ ತಲೆ ಕೆಡಿಸುತ್ತದೆ. ಕೆರೆ, ಕೆರೆಯ ಪಕ್ಕ ಕೆರೆ, ನಡುವೆ ಹಾವಿನಂತೆ ಸುತ್ತುವ ಕವಲುಗಳು. ಕೆಲವಕ್ಕೆ ಬಿಳಿಯ ಹೊದಿಕೆ, ಕೆಲವು ಇನ್ನೂ ಕಪ್ಪು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಬೆಳಕು ಚಪ್ಪಟೆಯಾಗಿತ್ತು, ನೆರಳೇ ಬೀಳುತ್ತಿರಲಿಲ್ಲ. ನಾನು ತಗ್ಗಿನಲ್ಲಿ, ನಿಧಾನವಾಗಿ ಹಾರಿಸುತ್ತಾ ಸ್ನೋಗೋದ ಜಾಡು ಹುಡುಕಿದೆ. ರಾತ್ರಿಯ ಗಾಳಿ ಅದನ್ನೆಲ್ಲ ಅಳಿಸಿತ್ತು. ಪಶ್ಚಿಮದಲ್ಲಿ ಹಿಮದ ಬೂದು ಪರದೆಯೊಂದು ನಿಂತಿತ್ತು. ಅದು ನಮ್ಮ ಕಡೆಗೇ ಬರುತ್ತಿದೆಯೋ ದಾಟಿಹೋಗುತ್ತದೆಯೋ ಎಂದು ನೋಡುವುದೇ ನನಗೊಂದು ಕೆಲಸವಾಯಿತು.

"ಮಾವ, ಯಾವ ಕಡೆ?"

ಮೌನ.

"ಮಾವಾ! ಎಡಕ್ಕಾ, ಬಲಕ್ಕಾ?"

ಒಂದು ಕೈ ನನ್ನ ಭುಜದ ಮೇಲಿಂದ ಚಾಚಿ ಬಲಕ್ಕೆ ತೋರಿಸಿತು. ಮಾತಾಡುವುದಕ್ಕಿಂತ ಕೈ ಚಾಚುವುದು ಸುಲಭವೇನೋ. ಬಲಕ್ಕೆ ತಿರುಗಿದೆ. ಒಂದು ಕವಲಿನ ಗುಂಟ ಸಾಗಿದೆ. ಅದರ ತಿರುವಿನಲ್ಲಿ ಕುಳ್ಳ ವಿಲ್ಲೋ ಪೊದೆಗಳ ಗುಂಪೊಂದು ಬಲಗಡೆ ಸರಿದುಹೋಯಿತು. ಅದೇ ಹೊತ್ತಿಗೆ ಹಿಮದ ಪರದೆಯ ಅಂಚು ಮೂತಿಗೆ ಬಡಿಯಿತು. ಗಾಜಿನ ಮೇಲೆಲ್ಲ ಬಿಳಿ ಚುಕ್ಕೆ. ನನ್ನ ಕಣ್ಣು ಮುಂದೆ, ಎರಡೂ ಕೈ ಕೆಲಸದಲ್ಲಿ.

"ಮಾವ, ಬಲಗಡೆ ಪೊದೆ ಹತ್ರ ಏನಾದ್ರೂ ಕಾಣ್ತಾ?"

ಮೌನ.

"ಕೇಳಿಸ್ತಾ ಇದ್ಯಾ ನಾನು ಹೇಳೋದು?"

ಮೌನ. ಹೊರಡುವಾಗ ಅವನು ಕೆಮ್ಮಿದ್ದು ನನ್ನ ಕಿವಿಗೆ ಸರಿಯಾಗಿ ಕೇಳಿಸಿತ್ತು, ಹಾಗಾಗಿ ಹೆಡ್‌ಸೆಟ್ ಕೆಟ್ಟಿಲ್ಲವೆಂದು ಗೊತ್ತು. ಬೆಲ್ಟು ಬಿಗಿದುಕೊಂಡು, ದಪ್ಪ ಪಾರ್ಕಾದೊಳಗೆ ಎಷ್ಟು ತಿರುಗಲು ಸಾಧ್ಯವೋ ಅಷ್ಟು ತಿರುಗಿ ನೋಡಿದೆ. ಕಂಡದ್ದು ಅವನ ಟೋಪಿಯ ಸುತ್ತಲಿನ ತುಪ್ಪಳ, ಅದರೊಳಗೆ ಕತ್ತಲು. ಏನಾದರೂ ಕಂಡಿದ್ದರೆ ಹೇಳುತ್ತಿದ್ದ ಎಂದುಕೊಂಡೆ. ಕಳೆದುಹೋದ ಹೆಂಡತಿಯನ್ನು ಕಂಡರೆ ಯಾವ ಗಂಡಸಾದರೂ ಕೂಗುತ್ತಾನೆ, ಮೂಕನಾದರೆ ಕನಿಷ್ಠ ಸೀಟಿಗೆ ಒದೆಯುತ್ತಾನೆ ಎಂದುಕೊಂಡೆ. ಹಿಮದಿಂದ ತಪ್ಪಿಸಿಕೊಂಡು ಎಡಕ್ಕೆ ತಿರುಗಿದೆ. ಇನ್ನೂ ಎರಡು ಕವಲು ನೋಡಿದೆ. ಪೆಟ್ರೋಲು ಕಡಿಮೆಯಾಗುತ್ತಿತ್ತು. ವಾಪಸಾದೆ.

ಇಳಿಯುವ ಮುನ್ನ ರೇಡಿಯೊದಲ್ಲಿ ಈವೊನ್‌ಗೆ ಹೇಳಿದೆ. "ಏನೂ ಕಾಣ್ಲಿಲ್ಲ ಕಣೋ. ಪೆಟ್ರೋಲ್ ಹಾಕ್ಕೊಂಡು ಇನ್ನೊಂದು ಸಲ ಹೋಗ್ತೀನಿ."

"ಸರಿ" ಎಂದ. ಅಷ್ಟೇ. ಗೇಲಿಯ ಮಾತು ಬರಲಿಲ್ಲ. ಪ್ರತಿ ಮನೆಯಲ್ಲೂ ಇಂಥದೇ ಮಾತಾಡುವ ರೇಡಿಯೊ ಇದೆ, ಎಲ್ಲರೂ ಕೇಳಿಸಿಕೊಂಡಿರುತ್ತಾರೆ.

ನಾನು ಚಕ್ರದ ಮೇಲೆ ಹತ್ತಿ ನಿಂತು ಡ್ರಮ್ಮಿನಿಂದ ಪಂಪು ಹೊಡೆಯುತ್ತಿದ್ದೆ. ಮಾವ ಇಳಿದು ಮನೆಗೆ ಹೋದವನು ತೋಳು ತುಂಬ ಸಾಮಾನು ಹೊತ್ತು ಬಂದ. ಸಣ್ಣ ಡೇರೆ, ಸೀಮೆಎಣ್ಣೆ ಒಲೆ, ಮಲಗುವ ಚೀಲ, ಫ್ಲಾಸ್ಕು, ಒಣಗಿಸಿದ ಸಾಲ್ಮನ್ ಕಟ್ಟು, ತುಪ್ಪಳದ ಒಳಬೂಟು. ಎಲ್ಲವನ್ನೂ ಹಿಂದಿನ ಸೀಟಿನ ಹಿಂದೆ ಅಚ್ಚುಕಟ್ಟಾಗಿ ತುಂಬತೊಡಗಿದ.

"ಇದೆಲ್ಲ ಯಾಕೆ ಮಾವ?"

"ಅವಳಿಗೆ ಚಳಿ ಆಗಿರುತ್ತೆ."

"ಅದು ಸಿಕ್ಕಿದ್ಮೇಲೆ ಅಲ್ವಾ?"

"ಸಿಕ್ಕಿದ್ಲಲ್ಲ."

ನನ್ನ ಕೈ ಪಂಪಿನ ಮೇಲೆಯೇ ನಿಂತಿತು. "ಯಾರು ಸಿಕ್ಕಿದ್ಲು?"

"ಒಲಿಂಕಾ. ಪೊದೆ ಹತ್ರ ಇದ್ಲು. ಕೈ ಬೀಸಿದ್ಲು."

"ಯಾವಾಗ?"

"ನೀನು ಕೇಳಿದಾಗ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ನಲ್ಲ" ಎಂದು ಮಾವ ನನ್ನತ್ತ ತಲೆ ಎತ್ತಿ, ಹೇಗೆ ಹೇಳಿದ್ದೆನೆಂದು ತೋರಿಸಿದ. ಎರಡೂ ಹುಬ್ಬು ಟೋಪಿಯೊಳಗೆ ಹೋದವು.

ಚಕ್ರದಿಂದ ಕೆಳಗೆ ಹಾರಿದೆ. ಪೆಟ್ರೋಲು ಬೂಟಿನ ಮೇಲೆ ಚೆಲ್ಲಿತು. ನನಗೆ ಗೊತ್ತಿರುವ ಬೈಗುಳಗಳಲ್ಲಿ ಹಿರಿಯರ ಮುಂದೆ ಆಡಬಹುದಾದದ್ದು ಒಂದೂ ನೆನಪಾಗಲಿಲ್ಲ.

"ಮಾವ, ನನ್ನ ಬೆನ್ನಲ್ಲಿ ಕಣ್ಣಿದ್ಯಾ?"

ಅವನು ಪ್ರಶ್ನೆಯನ್ನು ಗಂಭೀರವಾಗಿ ಯೋಚಿಸಿ, ಮೂಗು ಸುಕ್ಕಿಸಿದ.

"ಬಾಯಲ್ಲಿ ಹೇಳು ಅಂತ ಹೇಳಿದ್ನೋ ಇಲ್ವೋ?"

ಹುಬ್ಬು.

"ಅಯ್ಯೋ! ಮತ್ತೆ ನಾನು ಅವಳನ್ನ ಬಿಟ್ಟು ವಾಪಸ್ ತಿರುಗಿಸಿದ್ನಲ್ಲ, ಆಗ ಏನಂದ್ಕೊಂಡೆ?"

ಇದಕ್ಕೆ ಹುಬ್ಬು ಮೂಗು ಎರಡೂ ಸಾಲದಾದ್ದರಿಂದ ಅವನು ಬಾಯಿ ತೆರೆಯಲೇಬೇಕಾಯಿತು. "ಇಳಿಯೋಕೆ ಪೆಟ್ರೋಲ್ ಸಾಲದೇನೋ, ಹಾಕ್ಕೊಂಡು ಬರೋಣ ಅಂತಿರಬೇಕು ಅಂದ್ಕೊಂಡೆ. ಓಡಿಸೋಳು ನೀನು. ನಿನಗೆ ನಾನೇನು ಹೇಳೋದು."

ನಮ್ಮಲ್ಲಿ ದೋಣಿ ನಡೆಸುವವನಿಗೆ ಹಿಂದೆ ಕೂತವನು ಬುದ್ಧಿ ಹೇಳುವುದಿಲ್ಲ. ಇದು ಒಳ್ಳೆಯ ನಡತೆ. ಈ ಒಳ್ಳೆಯ ನಡತೆಯಿಂದಾಗಿ ನನ್ನ ಅತ್ತೆ ಇನ್ನೊಂದಿಷ್ಟು ಹೊತ್ತು ಹಿಮದಲ್ಲಿ ಕೂತಿದ್ದಳು. ಒಂದು ವಿಮಾನ ತನ್ನ ತಲೆಯ ಮೇಲೆ ಬಂದು, ತನ್ನ ಗಂಡ ತನ್ನನ್ನೇ ನೋಡಿ, ಹೊರಟುಹೋದದ್ದನ್ನು ಕಂಡಿದ್ದಳು.

ರೇಡಿಯೊ ಕೈಗೆತ್ತಿಕೊಂಡೆ. "ಈವೊನ್, ನಿಮ್ಮಪ್ಪ ನೋಡಿದ್ದಾನಂತೆ."

"ಏನನ್ನ?"

"ನಿಮ್ಮಮ್ಮನ್ನ! ಜೀವಂತ ಇದ್ದಾಳೆ. ಕೈ ಬೀಸಿದ್ಲಂತೆ."

"ಥೆಕ್ಲಾ, ತಮಾಷೆ ಮಾಡ್ತಿದ್ದೀಯಾ?" ನಮ್ಮಿಬ್ಬರ ನಡುವೆ ಹುಟ್ಟಿನಿಂದ ತಮಾಷೆಯೇ. ಅದನ್ನು ನಿಲ್ಲಿಸಿದ್ದೇವೆಂದು ಹೇಳಲು ನಮ್ಮಲ್ಲಿ ಪದವಿಲ್ಲ.

"ಆಣೆಗೂ ಇಲ್ಲ. ಈಗ ಹೋಗ್ತಿದ್ದೀನಿ."

"ಮತ್ತೆ ಆಗ ಯಾಕೆ ಕರ್ಕೊಂಡು ಬರ್ಲಿಲ್ಲ?"

"ನಿಮ್ಮಪ್ಪನ್ನ ಕೇಳು!"

ಈವೊನ್‌ಗೆ ಅಷ್ಟು ಸಾಕಾಯಿತು. ಇಡೀ ಊರಿಗೆ ಕೇಳುವಂತೆ ಒಂದು ಉದ್ದನೆಯ ಕೆಟ್ಟ ಮಾತು ಆಡಿದ.

ಈಗ ಲೆಕ್ಕ ಸೀಟಿನದು. ನಾನೊಬ್ಬಳೇ ಹೋದರೆ ಅತ್ತೆಯನ್ನು ಕೂರಿಸಿಕೊಂಡು ನೇರ ಬರಬಹುದು. ಆದರೆ ಆ ಪೊದೆ ಯಾವ ಕವಲಿನ ಯಾವ ತಿರುವಿನಲ್ಲಿತ್ತೋ ನನಗೆ ತಿಳಿಯದು, ಹಿಮ ಬೀಳುವಾಗ ಗಾಜು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಮಾವನನ್ನು ಒಯ್ದರೆ ದಾರಿ ತೋರಿಸುತ್ತಾನೆ, ಆದರೆ ಬರುವಾಗ ಇಬ್ಬರಲ್ಲಿ ಒಬ್ಬರು ಅಲ್ಲೇ ಉಳಿಯಬೇಕು. ಇನ್ನೊಮ್ಮೆ ಹೋಗಿ ಬರುವಷ್ಟು ಬೆಳಕು ಉಳಿದಿರಲಿಲ್ಲ. ಇದನ್ನು ಅವನಿಗೆ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮಲಗುವ ಚೀಲವನ್ನು ತೋರಿಸಿ, ತನ್ನ ಎದೆ ತಟ್ಟಿಕೊಂಡ. ಡೇರೆ, ಒಲೆ, ಎಲ್ಲವನ್ನೂ ತಂದದ್ದು ಅದಕ್ಕೇ. ಸೀಟಿನ ಲೆಕ್ಕವನ್ನು ಅವನು ಮೊದಲೇ ಮಾಡಿ ಮುಗಿಸಿದ್ದ. ಅದನ್ನೂ ಹೇಳಿರಲಿಲ್ಲ.

ಜೇಬಿನಿಂದ ಗುಲಾಬಿ ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿ, ಗಾಜಿನ ಮೇಲ್ತುದಿಗೆ ಟೇಪು ಸುತ್ತಿ ಅಂಟಿಸಿದೆ. ಅದರಲ್ಲಿ ಮಾವನ ಒಂದು ಕಣ್ಣು, ಒಂದು ಹುಬ್ಬು ಮಾತ್ರ ಕಾಣುತ್ತಿದ್ದವು. ಒಂದು ಹುಬ್ಬು ಸಾಕು.

ಹಿಮದ ಪರದೆ ಪೂರ್ವಕ್ಕೆ ಸರಿದಿತ್ತು. ಕವಲುಗಳ ಮೇಲೆ ಹಾರುತ್ತಾ ಕೇಳುತ್ತಾ ಹೋದೆ. "ಇದಾ?" ಹುಬ್ಬು ಕದಲಲಿಲ್ಲ. "ಇದಾ?" ಕದಲಲಿಲ್ಲ. "ಈ ತಿರುವಾ?" ಡಬ್ಬಿಯೊಳಗೆ ಹುಬ್ಬು ಚಂಗನೆ ಮೇಲೇರಿತು. ಪೌಡರ್ ಪುಡಿ ನನ್ನ ಮೂಗಿನ ಮೇಲೆ ಉದುರುತ್ತಿತ್ತು.

ಪೊದೆಯ ಮರೆಯಲ್ಲಿ ಬೂದುಬಣ್ಣದ ತಾಡಪಾಲು. ಕವಲಿನಲ್ಲಿ ಸ್ನೋಗೋ ಮೂತಿ ಮುಳುಗಿಸಿಕೊಂಡು, ಹಿಂಭಾಗ ಮೇಲೆತ್ತಿಕೊಂಡು ನಿಂತಿತ್ತು. ತಾಡಪಾಲಿನಿಂದ ಅತ್ತೆ ಹೊರಬಂದಳು. ಈ ಸಲ ಕೈ ಬೀಸಲಿಲ್ಲ. ಎರಡೂ ಕೈ ಸೊಂಟದ ಮೇಲಿಟ್ಟು ನಿಂತಳು.

ಪಕ್ಕದಲ್ಲಿ ಜಲ್ಲಿಯ ದಿಬ್ಬವೊಂದಿತ್ತು. ಮೊದಲ ಸಲ ಇಳಿಯದೆ, ಚಕ್ರಗಳನ್ನಷ್ಟೇ ತಾಗಿಸಿ ಉದ್ದಕ್ಕೂ ಎಳೆದುಕೊಂಡು ಹೋಗಿ ಮತ್ತೆ ಏರಿದೆ. ತಿರುಗಿ ನೋಡಿದರೆ ಚಕ್ರದ ಗುರುತಿನಲ್ಲಿ ನೀರು ಒಸರಿರಲಿಲ್ಲ. ಎರಡನೆಯ ಸಲ ಇಳಿದೆ. ಇಂಜಿನ್ ಆರಿಸಲಿಲ್ಲ, ಆ ಚಳಿಯಲ್ಲಿ ಮತ್ತೆ ಹೊತ್ತಿಕೊಳ್ಳದಿದ್ದರೆ ಮೂವರೂ ಡೇರೆಯಲ್ಲಿ ಕೂರಬೇಕಾಗುತ್ತಿತ್ತು.

ಅತ್ತೆ ಕುಂಟುತ್ತಾ ಬಂದಳು. ಸ್ನೋಗೋ ಮುಳುಗಿದಾಗ ಮಂಡಿ ತಿರುಚಿತ್ತು, ತೊಡೆಯವರೆಗೆ ಒದ್ದೆಯಾಗಿ ಬಟ್ಟೆ ಹಲಗೆಯಂತೆ ಸೆಟೆದಿತ್ತು. ಸ್ನೋಗೋದ ಪೆಟ್ರೋಲಿನಿಂದ ಹಸಿ ಕಡ್ಡಿ ಉರಿಸಿಕೊಂಡು ರಾತ್ರಿ ಕಳೆದಿದ್ದಳು. ಮುಖವೆಲ್ಲ ಮಸಿ.

"ಬಂದ್ರಾ ಮಹಾರಾಯರು?" ಅವಳು ಮೊದಲು ಆಡಿದ ಮಾತು. "ಆಗ ಬಂದು ನನ್ನ ದರ್ಶನ ಮಾಡ್ಕೊಂಡು ಹೋದ್ರಲ್ಲ. ಚಹಾ ಕುಡಿಯೋಕೆ ಹೋಗಿದ್ರಾ?"

"ಅತ್ತೆ, ಮೊದ್ಲು ಹತ್ತು. ಬೆಳಕು ಹೋಗ್ತಿದೆ."

"ಹತ್ತಲ್ಲ. ಇವನನ್ನ ಕೇಳು. ಕೇಳು ಇವನನ್ನ! ನಾನು ಒಲೆ ಮುಂದೆ ನಿಂತು ಬ್ರೆಡ್ ಕರೀತಿದ್ದೆ. ಕೂಳಿ ನೀರಲ್ಲೇ ಇದೆ, ಮಂಜು ಗಟ್ಟಿಯಾದ್ರೆ ಹಿಂಡಿ ಹಾಕ್ಬಿಡುತ್ತೆ, ಹೋಗಿ ತರ್ತೀಯಾ ಅಂತ ಕೇಳಿದೆ. ಒಂದ್ಸಲ ಅಲ್ಲ, ಮೂರು ಸಲ. ಕೊರಡಿನ ಥರ ಕೂತಿದ್ದ. ಅದಕ್ಕೇ ನಾನೇ ಹೊರಟಿದ್ದು."

"ಹೂಂ ಅಂದಿದ್ದೆ" ಎಂದ ಮಾವ.

"ಯಾವಾಗ?"

"ಮೂರು ಸಲಾನೂ."

ಅತ್ತೆ ಅವನ ಮುಖ ನೋಡಿದಳು. ಹುಬ್ಬು ನೋಡಿದಳು. "ನನ್ನ ಬೆನ್ನಿಗಾ?"

ಮಾವ ನನ್ನ ಕಡೆ ತಿರುಗಿದ. ಬೆನ್ನಿನ ಪ್ರಶ್ನೆ ಅಂದು ಅವನಿಗೆ ಎರಡನೆಯದು.

ನಾನು ನಗಲಿಲ್ಲ. ಇಂಜಿನ್ ಓಡುತ್ತಿತ್ತು, ಪೆಟ್ರೋಲು ಉರಿಯುತ್ತಿತ್ತು. ಇಡೀ ಊರು ರೇಡಿಯೊದ ಮುಂದೆ ಕೂತಿತ್ತು. ಗಂಡಸೊಬ್ಬ ತನ್ನ ಹೆಂಡತಿಯ ಜಡೆಗೆ ಮೂರು ಸಲ ಹುಬ್ಬೆತ್ತಿದ್ದ, ಅದರಿಂದ ಇಷ್ಟೆಲ್ಲ. ಅತ್ತೆಯ ಕಾಲ ಬೆರಳುಗಳನ್ನು ನೋಡಬೇಕೆಂದೆ. ಬೂಟು ಎಳೆದರೆ ಎರಡು ಬೆರಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಮಾವ ಅದನ್ನು ನೋಡಿದ. ತಂದಿದ್ದ ತುಪ್ಪಳದ ಒಳಬೂಟನ್ನು ದಾರಿಯಲ್ಲೇ ತೆಗೆದು ತನ್ನ ಹೊಟ್ಟೆಯ ಮೇಲೆ, ಅಂಗಿಯೊಳಗೆ ಇಟ್ಟುಕೊಂಡಿದ್ದ. ಹೊರತೆಗೆದು ಬೆಚ್ಚಗಿರುವಂತೆಯೇ ಅವಳ ಕಾಲಿಗೆ ಹಾಕಿದ.

"ಹತ್ತು ಅತ್ತೆ."

"ಇವನು?"

"ಇಲ್ಲೇ ಇರ್ತಾನೆ. ನಾಳೆ ಬರ್ತೀನಿ. ಸೀಟು ಒಂದೇ ಅಂತ ನಿನಗೆ ಗೊತ್ತಿಲ್ವಾ?"

"ಇವನನ್ನ ಒಬ್ಬನೇ ಬಿಡೋದಾ? ತೋಳ ಬಂದ್ರೂ ಕೂಗಲ್ಲ ಇವನು. ಹುಬ್ಬೆತ್ತಿ ಕೂತಿರ್ತಾನೆ." ಅವಳ ದವಡೆ ಚಳಿಗೆ ನಡುಗುತ್ತಿತ್ತು, ಮಾತು ಮಾತ್ರ ನಿಲ್ಲಲಿಲ್ಲ. "ನೀವಿಬ್ಬರೂ ಹೋಗಿ. ಒಂದು ರಾತ್ರಿ ಇದ್ದೀನಿ, ಇನ್ನೊಂದು ಇರ್ತೀನಿ."

ಮಾವ ಅವಳನ್ನು ಕಂಕುಳಲ್ಲಿ ಹಿಡಿದೆತ್ತಿ ಸೀಟಿನಲ್ಲಿ ಕೂರಿಸಿದ. ಬೆಲ್ಟು ಬಿಗಿದ. ಅವಳು ಅವನ ಪಾರ್ಕಾದ ಎದೆಯ ಭಾಗ ಹಿಡಿದುಕೊಂಡು ಬಿಡಲಿಲ್ಲ.

"ಡೇರೆ ಪೊದೆ ಮರೆಯಲ್ಲಿ ಹಾಕ್ತೀಯಾ? ಆ ಮಂಜಿನ ಮೇಲೆ ಕಾಲಿಡಲ್ಲ ತಾನೆ? ಸ್ನೋಗೋ ಎತ್ತೋಕೆ ಹೋಗಲ್ಲ ತಾನೆ? ಬಾಯಲ್ಲಿ ಹೇಳು. ಬಾಯಲ್ಲಿ!"

ಹುಬ್ಬು ಏಳತೊಡಗಿದ್ದನ್ನು ನಾನೂ ನೋಡಿದೆ. ಅರ್ಧಕ್ಕೆ ನಿಂತಿತು. ಬಾಯಿ ತೆರೆಯಿತು, ಮುಚ್ಚಿತು. ತುಕ್ಕು ಹಿಡಿದ ನಟ್ಟು ತಿರುಗಿದ ಹಾಗೆ ಕೊನೆಗೂ ಒಂದು ಮಾತು ಹೊರಬಿತ್ತು.

"ಹೌದು. ಹೋಗಲ್ಲ."

ಅವಳು ಕೈ ಬಿಟ್ಟಳು. "ಮೀನು!" ಎಂದಳು ತಕ್ಷಣ.

"ಯಾವ ಮೀನು?"

"ಕೂಳಿ ತುಂಬ ಇತ್ತು. ಚೀಲದಲ್ಲಿದೆ. ಅದನ್ನ ಬಿಟ್ಟು ನಾನು ಬರಲ್ಲ. ಅದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು?"

"ಅತ್ತೆ, ಇದು ವಿಮಾನ. ದಿಬ್ಬ ಇಷ್ಟೇ ಉದ್ದ ಇದೆ. ಭಾರ—"

"ಕಮೋಡು ತಂದೋಳು ನೀನು."

ಮಾವ ಆಗಲೇ ಚೀಲವನ್ನು ಒಳಕ್ಕೆ ತುರುಕುತ್ತಿದ್ದ. ಅದು ನನ್ನ ಸೀಟಿನ ಮೇಲಿಂದ ಜಾರಿ, ಗಾಜಿಗೆ ಬಡಿದು, ಅತ್ತೆಯ ತೊಡೆಗೆ ಬಂತು. ಗುಲಾಬಿ ಡಬ್ಬಿ ಟೇಪಿನ ಸಮೇತ ಕಿತ್ತು ಎಲ್ಲೋ ಕಾಲಡಿಗೆ ಹೋಯಿತು. ಅರ್ಧ ಹೆಪ್ಪುಗಟ್ಟಿದ ಕಪ್ಪುಮೀನುಗಳು ಚೀಲದೊಳಗೆ ಇನ್ನೂ ಮಿಸುಕುತ್ತಿದ್ದವು. ಅವು ಸುಲಭಕ್ಕೆ ಸಾಯುವ ಜಾತಿಯಲ್ಲ.

ದಿಬ್ಬದ ತುದಿಯವರೆಗೆ ಹಿಂದಕ್ಕೆ ಹೋಗಿ, ಮಾವನಿಗೆ ಬಾಲ ಹಿಡಿದುಕೊಳ್ಳಲು ಹೇಳಿ, ಇಂಜಿನ್ ಪೂರ್ತಿ ಕೂಗುವಾಗ ಬಿಡಲು ಸನ್ನೆ ಮಾಡಿದೆ. ಜಲ್ಲಿ ಮುಗಿಯುವ ಮೊದಲೇ ಚಕ್ರ ನೆಲ ಬಿಟ್ಟಿತು. ಒಂದು ಸುತ್ತು ಹಾಕಿದೆ. ಕೆಳಗೆ ಅವನು ಪೊದೆಯ ಕಡೆಗೆ ಡೇರೆ ಎಳೆದುಕೊಂಡು ಹೋಗುತ್ತಿದ್ದ. ತಲೆ ಎತ್ತಿ ನೋಡಿದ. ಅಷ್ಟು ಮೇಲಿನಿಂದ ಹುಬ್ಬು ಕಾಣುವುದಿಲ್ಲ.

"ಈವೊನ್, ಅಮ್ಮ ನನ್ನ ಹಿಂದೆ ಇದ್ದಾಳೆ. ಮೀನಿನ ಸಮೇತ. ಅಪ್ಪ ಅಲ್ಲೇ ಉಳಿದಿದ್ದಾನೆ. ನರ್ಸಮ್ಮನಿಗೆ ಹೇಳಿ ಇಡು, ಎರಡು ಬೆರಳು ಚಳಿಗೆ ಬೆಳ್ಳಗಾಗಿವೆ."

ರೇಡಿಯೊದಲ್ಲಿ ಮೂಗೆಳೆದ ಸದ್ದು ಬಂತು. "ಕೊನೆಗೂ ನಿ‍ನ್ನ ಹಿಂದಿನ ಸೀಟು ತುಂಬ್ತು ಅನ್ನು" ಎಂದ.

ದಾರಿಯುದ್ದಕ್ಕೂ ಅತ್ತೆ ಮೈಕು ಬಿಡಲಿಲ್ಲ. ವಿಮಾನದೊಳಗೆ ಚಳಿ ಅಂದಳು, ಬಿಸಿಗಾಳಿ ಹಾಕಿದರೆ ಪೆಟ್ರೋಲ್ ವಾಸನೆ ಅಂದಳು, ನಿಮ್ಮಪ್ಪ ಇದಕ್ಕಿಂತ ಚೆನ್ನಾಗಿ ಓಡಿಸುತ್ತಿದ್ದ ಅಂದಳು, ಕಾಲು ಸುಡುತ್ತಿದೆ ಅಂದಳು. ಸುಡುತ್ತಿದ್ದರೆ ಒಳ್ಳೆಯದು, ಬೆರಳು ಉಳಿಯುತ್ತವೆ ಅಂದೆ. ಉಳಿಯದಿದ್ದರೆ ವಾಸಿಲಿಯದನ್ನೇ ಕೊಯ್ದು ಹಾಕಿಸಿಕೊಳ್ಳುತ್ತೇನೆ ಅಂದಳು. ಇಷ್ಟು ಮಾತಾಡುವವಳೊಬ್ಬಳು, ಮಾತೇ ಆಡದವನೊಬ್ಬ, ಇಬ್ಬರೂ ಒಂದೇ ಮನೆಯಲ್ಲಿ ಮಕ್ಕಳನ್ನು ಬೆಳೆಸಿದ್ದಾರೆ.

ಊರಿನ ದೀಪಗಳು ಕಂಡವು. ಇಳಿದಾಣಕ್ಕೆ ಅಡ್ಡಗಾಳಿ ಬೀಸುತ್ತಿತ್ತು. ಒಂದು ರೆಕ್ಕೆ ತಗ್ಗಿಸಿ, ಕಾಲಲ್ಲಿ ಮೂತಿಯನ್ನು ನೇರ ಹಿಡಿದು, ಈವೊನ್‌ಗೆ ದಾರಿ ಬಿಡಲು ಹೇಳುವ ಸಲುವಾಗಿ ರೇಡಿಯೊ ಗುಂಡಿ ಒತ್ತಿದ್ದೆ. ಆಗ ಅತ್ತೆಯ ದನಿ ಒಮ್ಮೆಲೇ ಸಣ್ಣದಾಯಿತು.

"ಥೆಕ್ಲಾ, ನಾಳೆ ಬೆಳಕಾದ ತಕ್ಷಣ ಹೋಗಿ ಅವನನ್ನ ಕರ್ಕೊಂಡ್ಬರ್ತೀಯಾ?"

ಗಾಳಿ ಇನ್ನೊಂದು ರೆಕ್ಕೆಯನ್ನು ಎತ್ತಿತು. ಅದನ್ನು ಸರಿಮಾಡಿದೆ.

ಭುಜಕ್ಕೆ ಒಂದು ಗುದ್ದು ಬಿತ್ತು. "ಕರ್ಕೊಂಡ್ಬರ್ತೀಯಾ ಅಂತ ಕೇಳ್ದೆ!"

ಇನ್ನೊಂದು ಗುದ್ದು. "ಏನೇ, ನಿನಗೂ ಬಾಯಿಲ್ವಾ?"

ಆಗ ಗೊತ್ತಾಯಿತು. ನನ್ನ ಎರಡೂ ಹುಬ್ಬು ಟೋಪಿಯ ಅಂಚಿಗೆ ತಾಗಿ ನಿಂತಿದ್ದವು. ಅವಳು ಮೊದಲ ಸಲ ಕೇಳಿದಾಗಿನಿಂದಲೂ.

"ಹೌದು ಅತ್ತೆ, ಹೌದು, ಹೌದು!" ಎಂದು ಕಿರುಚಿದೆ. ಗುಂಡಿ ಇನ್ನೂ ಒತ್ತಿಕೊಂಡೇ ಇತ್ತು. ಊರೆಲ್ಲ ಕೇಳಿಸಿಕೊಂಡಿತು.